ಸಟ್ಟುಗದ ಗದ್ದ

ಜನವರಿ 9, ಮಂಗಳವಾರ

ಆಪರೇಷನ್‌ಗೆ ದಿನ ಗೊತ್ತಾಯಿತು. ಮಾರ್ಚ್ ಆರು.

ಹಲ್ಲಿಗೆ ತಂತಿ ಹಾಕಿಸಿಕೊಂಡು ಒಂದೂವರೆ ವರ್ಷವಾಯಿತು. ತಂತಿ ಇರುವುದು ಹಲ್ಲು ಸರಿಮಾಡಲು ಎಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. ನನ್ನ ಹಲ್ಲುಗಳು ಇಷ್ಟು ವರ್ಷ ದವಡೆಯ ತಪ್ಪು ಮುಚ್ಚಿಡಲು ಕೆಳಗಿನವು ಹಿಂದಕ್ಕೂ ಮೇಲಿನವು ಮುಂದಕ್ಕೂ ವಾಲಿಕೊಂಡಿದ್ದವಂತೆ. ಮೊದಲು ಅವನ್ನು ನೆಟ್ಟಗೆ ನಿಲ್ಲಿಸಿ ತಪ್ಪನ್ನು ಪೂರ್ತಿ ಬಯಲಿಗೆ ತರಬೇಕು, ಆಮೇಲೆ ದವಡೆಗೆ ಕೈಹಾಕಬೇಕು. ಹೀಗಾಗಿ ಒಂದೂವರೆ ವರ್ಷದ ಚಿಕಿತ್ಸೆಯ ಫಲವಾಗಿ ನನ್ನ ಗದ್ದ ಮೊದಲಿಗಿಂತ ಮುಂದೆ ಬಂದಿದೆ. ಡಾಕ್ಟರ್ ಮೆಂಗ್ ತುಂಬ ತೃಪ್ತರಾಗಿದ್ದಾರೆ.

ಮೇಲಿನ ದವಡೆಯನ್ನು ಬಿಡಿಸಿ ಮುಂದೆ ತರುತ್ತಾರೆ, ಕೆಳಗಿನದನ್ನು ಎರಡು ಕಡೆ ಸೀಳಿ ಹಿಂದೆ ಸರಿಸುತ್ತಾರೆ, ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಆಮೇಲೆ ನಾನು ಎಲ್ಲರ ಹಾಗೆ ಮುಂದಿನ ಹಲ್ಲಿನಲ್ಲಿ ಕಚ್ಚಬಹುದು.

ಸಂಜೆ ಅಂಗಡಿಯಲ್ಲಿ ಹೇಳಿದೆ. ಅಂಗಡಿ ಎಂದರೆ ನಮ್ಮದೇ, ಕೆಳಗೆ ಕಲ್ಗುಕ್ಸು, ಅಂದರೆ ಗೋಧಿ ಎಳೆಯ ಸಾರಿನ ಅಂಗಡಿ, ಮೇಲೆ ಮನೆ. ಅಪ್ಪ ಹಿಟ್ಟು ಲಟ್ಟಿಸಿ, ಮಡಚಿ, ಚಾಕುವಿನಲ್ಲಿ ಎಳೆ ಎಳೆಯಾಗಿ ಕತ್ತರಿಸಿ ಸಾರಿಗೆ ಬಿಡುತ್ತಾರೆ. ನಮ್ಮ ಊರು ದೇಜೊನ್‌ನಲ್ಲಿ ಇಂಥ ಅಂಗಡಿ ಗಲ್ಲಿಗೊಂದಿದೆ. ಹಾಗಿದ್ದೂ ನಮ್ಮಲ್ಲಿ ಮಧ್ಯಾಹ್ನ ಜಾಗ ಸಿಗುವುದಿಲ್ಲ. ಹಿಟ್ಟು ನಾದುತ್ತಿದ್ದ ಅಪ್ಪನ ಬೆನ್ನಿಗೆ ಹೇಳಿದೆ. ಅಪ್ಪ ತಿರುಗಿ, "ಅದು ಕಾಯಿಲೆನಾ?" ಅಂದರು.

"ದವಡೆಯ ವಿಕಾರ ಅಂತ ಬರೆದಿದಾರೆ," ಅಂದೆ.

ಅಪ್ಪನಿಗೂ ಅದೇ ಗದ್ದ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ. ಇದು ನನಗೆ ಹೊಳೆದದ್ದು ಮಾತು ಬಾಯಿಂದ ಹೊರಟ ಮೇಲೆ. ಆದರೂ ಬರೆದದ್ದನ್ನೇ ಹೇಳಿದೆ, ಕೂಡಿಸಿ ಹೇಳಲಿಲ್ಲ. ಅಪ್ಪ ಹಿಟ್ಟಿನ ಕಡೆ ತಿರುಗಿದರು. ರಾತ್ರಿ ಊಟಕ್ಕೆ ಬಂದ ಗಿರಾಕಿಯೊಬ್ಬ ಇವತ್ತು ಎಳೆ ಯಾಕೋ ಗಟ್ಟಿಯಾಗಿದೆ ಎಂದನಂತೆ.

ಜನವರಿ 24, ಬುಧವಾರ

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇದರಿಂದ ಮನೆಯ ವ್ಯವಹಾರಕ್ಕೆ ಅಡ್ಡಿಯೇನಿಲ್ಲ, ಅಮ್ಮ ನಡುವೆ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡುತ್ತಾಳೆ. ಮೂವರೂ ಒಂದೇ ಮೇಜಿಗೆ ಕೂತಿರುತ್ತೇವೆ. "ಮಿರಾನಮ್ಮ, ಬಾಗ್ಲು ಸರಿಯಾಗಿ ಹಾಕೋಕೆ ಹೇಳು," ಎನ್ನುತ್ತಾರೆ ಅಪ್ಪ. ಅಮ್ಮ ನನ್ನ ಕಡೆ ತಿರುಗಿ "ಬಾಗ್ಲು" ಎನ್ನುತ್ತಾಳೆ. ಮಿರಾನ್ ಎಂದರೆ ನಾನೇ. ನನ್ನ ಹೆಸರು ಹಿಡಿದೇ ಅಮ್ಮನನ್ನು ಕರೆಯುವುದರಿಂದ, ಮಾತು ಬಿಟ್ಟ ಮೇಲೆ ಅಪ್ಪ ನನ್ನ ಹೆಸರು ಮೊದಲಿಗಿಂತ ಹೆಚ್ಚು ಸಲ ಹೇಳುತ್ತಿದ್ದಾರೆ.

ಇವತ್ತು ಆಫೀಸಿನಲ್ಲಿ ರಜೆ ಅರ್ಜಿ ಕೊಟ್ಟೆ. ನಾನು ಕೆಲಸ ಮಾಡುವುದು ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮೂಹದ ಆಡಳಿತ ಕಚೇರಿಯಲ್ಲಿ. ಪ್ರತಿ ಮನೆಯ ಸೂರಿನಲ್ಲೂ ಒಂದು ಸ್ಪೀಕರ್ ಇದೆ. ಅದರಲ್ಲಿ ಬರುವ ದನಿ ನನ್ನದು. ಬಚ್ಚಲಿನಲ್ಲಿ ಸಿಗರೇಟು ಸೇದಬೇಡಿ, ಮೇಲುಮನೆಯವರು ಮಕ್ಕಳನ್ನು ಕುಣಿಯಲು ಬಿಡಬೇಡಿ, ನಾಳೆ ನೀರಿನ ಟ್ಯಾಂಕು ತೊಳೆಯುತ್ತೇವೆ. ನನ್ನ ಕೆಳಹಲ್ಲು ಮೇಲುಹಲ್ಲಿನ ಮುಂದೆ ಇರುವುದರಿಂದ ಕೆಲವು ಅಕ್ಷರಗಳಲ್ಲಿ ಗಾಳಿ ಸೋರುತ್ತದೆ. ಆಟದ ಮೈದಾನದಲ್ಲಿ ಮಕ್ಕಳು ನನ್ನನ್ನು ಅಣಕಿಸುತ್ತಾರೆ. ಚೆನ್ನಾಗಿಯೇ ಅಣಕಿಸುತ್ತಾರೆ, ಒಮ್ಮೆ ಕಿಟಕಿಯಿಂದ ಕೇಳಿ, ನಾನು ಯಾವಾಗ ಪ್ರಕಟಣೆ ಕೊಟ್ಟೆ ಎಂದು ಯೋಚಿಸಿದ್ದುಂಟು.

ಲಿಫ್ಟಿನಲ್ಲಿ ಹದಿನೇಳನೇ ಮಹಡಿಯ ಹೆಂಗಸು ಕಳೆದುಹೋದ ಬೆಕ್ಕಿನ ಬಗ್ಗೆ ಚೀಟಿ ಅಂಟಿಸಿದ್ದಳು. ಎರಡು ಕಾಗುಣಿತ ತಪ್ಪಿತ್ತು. ಕೆಂಪು ಪೆನ್ನಿನಲ್ಲಿ ತಿದ್ದಿದೆ. ತಪ್ಪನ್ನು ತಪ್ಪು ಅನ್ನದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದಾಗ ತಮ್ಮ ದೋಗ್ಯುನ್ ಅಂಗಡಿಯಲ್ಲಿದ್ದ. ಅವನಿಗೆ ಅಮ್ಮನ ದವಡೆ. ಅವನು ಎಳೆ ಎತ್ತಿದರೆ ಕೈ ತಲೆಯ ಮೇಲೆ ಹೋದರೂ ತುದಿ ಬಟ್ಟಲಲ್ಲೇ ಇರುತ್ತದೆ. ನನ್ನ ಬಟ್ಟಲಲ್ಲಿ ಬೆರಳುದ್ದದ ತುಂಡುಗಳು. ಚಿಕ್ಕಂದಿನಿಂದಲೂ ಹೀಗೆಯೇ. ಲಟ್ಟಿಸಿದ ಹಾಳೆಯ ಅಂಚಿನಲ್ಲಿ ಉಳಿಯುವ ಚೂರುಗಳು ಯಾರಿಗಾದರೂ ಹೋಗಬೇಕಲ್ಲ. ಗಿರಾಕಿಗೆ ಬಡಿಸುವಂತಿಲ್ಲ, ಗಂಡುಮಗನಿಗೆ ಬಡಿಸಲು ಮನಸ್ಸು ಬರುವುದಿಲ್ಲ. ನನ್ನ ಹುಟ್ಟುಹಬ್ಬದ ದಿನವೂ ತುಂಡೇ. ಹುಟ್ಟುಹಬ್ಬಕ್ಕೆ ಎಳೆ ಉದ್ದವಿದ್ದಷ್ಟು ಆಯುಸ್ಸು ಗಟ್ಟಿ ಎಂದು ಗೋಡೆಯ ಮೇಲೆ ಬರೆಸಿರುವುದು ಇದೇ ಅಂಗಡಿ. ಯಾಕೆ ಹೀಗೆ ಎಂದು ನಾನು ಒಂದು ದಿನವೂ ಕೇಳಿಲ್ಲ. ಎಲ್ಲ ತಪ್ಪನ್ನೂ ತಿದ್ದುತ್ತೇನೆ, ಇದೊಂದನ್ನು ಬಿಟ್ಟಿದ್ದೇನೆ. ಕೇಳಿ ಪಡೆದರೆ ಅದಕ್ಕೇನು ಬೆಲೆ.

ಅಪ್ಪ ಎಂದಿನಂತೆ ಮೂಲೆಯಲ್ಲಿ ಗೋಡೆಗೆ ಮುಖಮಾಡಿ, ಸಾರಿಗೆ ಅನ್ನ ಹಾಕಿಕೊಂಡು ಚಮಚದಲ್ಲಿ ತಿಂದರು.

ಫೆಬ್ರವರಿ 16, ಶುಕ್ರವಾರ

ಚಾಂದ್ರಮಾನ ಹೊಸವರ್ಷದ ಹಬ್ಬ. ಅಜ್ಜನ ಫೋಟೊ ಇಟ್ಟು, ಅಕ್ಕಿ ಬಿಲ್ಲೆಯ ಸಾರು ಎಡೆಯಿಟ್ಟು, ಎಲ್ಲರೂ ಅಡ್ಡಬಿದ್ದೆವು. ಫೋಟೊದಲ್ಲಿ ಅಜ್ಜನಿಗಿಂತ ಮೊದಲು ಅಜ್ಜನ ಗದ್ದ ಕಾಣುತ್ತದೆ. ನಮ್ಮ ಕಡೆ ಇಂಥದ್ದಕ್ಕೆ ಸಟ್ಟುಗದ ಗದ್ದ ಎನ್ನುತ್ತಾರೆ, ಅನ್ನ ಬಡಿಸುವ ಸಟ್ಟುಗದ ಹಾಗೆ ಮುಂದಕ್ಕೆ ಬಾಗಿರುವುದರಿಂದ.

ಸೋದರತ್ತೆ ಬಂದಿದ್ದಳು. ಅವಳಿಗೆ ಮುಖಲಕ್ಷಣ ನೋಡಿ ಭವಿಷ್ಯ ಹೇಳುವ ಗೀಳು. ಆಪರೇಷನ್ ವಿಷಯ ಅಮ್ಮ ಬಾಯಿಬಿಟ್ಟಿದ್ದಾಳೆ.

"ಗದ್ದ ಅಂದ್ರೆ ಕೊನೆಗಾಲದ ಕಣಜ ಕಣೇ," ಅಂದಳು ಅತ್ತೆ. "ಸಟ್ಟುಗದ ಗದ್ದ ಇರೋರ ಮನೇಲಿ ಅನ್ನದ ಪಾತ್ರೆ ತಳ ಕಾಣಲ್ಲ. ನಿಮ್ಮಪ್ಪನ್ನೇ ನೋಡು, ಅಂಗಡಿ ಹೇಗೆ ನಡೀತಿದೆ. ಅದನ್ನ ಕೊಯ್ಸಿಕೊಂಡು ಏನು ಉಣ್ತೀಯಾ?"

ಕೊಯ್ದು ಬಿಸಾಡುವುದಿಲ್ಲ, ಹಿಂದಕ್ಕೆ ಸರಿಸುತ್ತಾರೆ ಎಂದು ತಿದ್ದಿದೆ.

"ಅದೇ, ಕಣಜನ ಹಿತ್ತಿಲಿಗೆ ತಳ್ಳಿದ ಹಾಗಾಯ್ತು," ಅಂದಳು. ಆಮೇಲೆ ಅಪ್ಪನಿಗೆ, "ನೀನಾದ್ರೂ ಒಂದು ಮಾತು ಹೇಳ್ಬಾರ್ದೇನೋ? ಮಗಳು ಅಪ್ಪನ ಮುಖನೇ ಬೇಡ ಅಂತಿದಾಳೆ."

ಹಾಗೆಂದು ನಾನು ಯಾವತ್ತೂ ಅಂದಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಸಾರು ಆರುತ್ತೆ, ಬಡಿಸು," ಎಂದು ಅಮ್ಮನಿಗೆ ಹೇಳಿ ಎದ್ದರು. ಅಜ್ಜನ ಫೋಟೊ ಎತ್ತಿಡುವ ಮೊದಲು ಇನ್ನೊಂದು ಸಲ ಅಡ್ಡಬಿದ್ದರು. ಬಹಳ ಹೊತ್ತು ಏಳಲಿಲ್ಲ. ಸೊಂಟ ಹಿಡಿದಿರಬೇಕು.

ಮಾರ್ಚ್ 5, ಸೋಮವಾರ

ಆಸ್ಪತ್ರೆಗೆ ಸೇರಿದೆ. ದೋಗ್ಯುನ್ ಕಾರಿನಲ್ಲಿ ಬಿಟ್ಟು ಹೋದ. ಹೊರಡುವಾಗ ಅಪ್ಪ ಅಂಗಡಿ ಬಾಗಿಲಲ್ಲಿ ನಿಂತು, "ಮಿರಾನಮ್ಮ, ಕಾಲುಚೀಲ ಇಟ್ಕೊಂಡಿದಾಳಾ ಕೇಳು," ಅಂದರು. ನಾನು ಅಪ್ಪನಿಂದ ಒಂದು ಮಾರು ದೂರದಲ್ಲಿದ್ದೆ. ಅಮ್ಮ ಕೇಳಿದಳು. ಇಟ್ಟುಕೊಂಡಿದ್ದೇನೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಅಪ್ಪನಿಗೆ ಹೇಳಿದಳು.

ಇದು ನಾಲ್ಕು ಹಾಸಿಗೆಯ ಕೋಣೆ, ಎಲ್ಲರೂ ದವಡೆಯವರೇ. ನನಗೆ ಕಿಟಕಿ ಪಕ್ಕದ್ದು ಸಿಕ್ಕಿದೆ. ಎದುರು ಹಾಸಿಗೆಯಲ್ಲಿ ಬೊರಾಮ್ ಎಂಬ ಕಾಲೇಜು ಹುಡುಗಿ, ಅವಳದೂ ನಾಳೆಯೇ. ನಾನು ಕೇಳದೆಯೇ ತನ್ನ ಪ್ರೀತಿ ಪ್ರೇಮದ ಕತೆಯನ್ನೆಲ್ಲ ಹೇಳಿದಳು. ನಾಳೆಯಿಂದ ಆಗುವುದಿಲ್ಲವಲ್ಲ, ಇವತ್ತೇ ಮುಗಿಸುತ್ತಿದ್ದೇನೆ ಅಂದಳು.

ಡಾಕ್ಟರ್ ಮೆಂಗ್ ಏನೇನು ಕೆಡಬಹುದು ಎಂದು ಓದಿ ಹೇಳಿದರು. ತುಟಿ, ಗದ್ದ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ, ಕೆಲವರಿಗೆ ಆ ಸ್ಪರ್ಶ ಪೂರ್ತಿ ವಾಪಸು ಬರುವುದೇ ಇಲ್ಲ. ಸಹಿ ಹಾಕಿದೆ. ಭಯ ಮಾತ್ರ ತುಂಬ ಇದೆ. ಅಪ್ಪ ಒಂದು ಮಾತು ಆಡಿದ್ದರೆ ಚೆನ್ನಾಗಿತ್ತು.

ಮಾರ್ಚ್ 7

ಬದುಕಿದ್ದೇನೆ. ಬಾಯಿ ಕಟ್ಟಿದ್ದಾರೆ. ಮೂಗೂ ಕಟ್ಟಿದೆ.

ಮಾರ್ಚ್ 8

ಕನ್ನಡಿ ಕೊಟ್ಟರು. ವಾಪಸು ಕೊಟ್ಟೆ.

ಮಾರ್ಚ್ 9, ಶುಕ್ರವಾರ

ಊತ ಇವತ್ತು ಗರಿಷ್ಠ ಎಂದು ನರ್ಸ್ ಹೇಳಿದಳು, ಬಹುಮಾನ ಬಂದಿದೆ ಎನ್ನುವ ದನಿಯಲ್ಲಿ. ಮೇಲೆ ಕೆಳಗೆ ಹಲ್ಲುಗಳಿಗೆ ರಬ್ಬರ್ ಬಿಗಿದಿದ್ದಾರೆ, ಬಾಯಿ ತೆರೆಯುವುದಿಲ್ಲ. ಮಾತಾಡಬೇಕಾದರೆ ಸ್ಲೇಟಿನಷ್ಟು ದೊಡ್ಡ ಬಿಳಿ ಹಲಗೆಯಲ್ಲಿ ಬರೆಯಬೇಕು. ಕೋಣೆಯ ನಾಲ್ಕು ಜನರಿಗೂ ತಲೆಯಿಂದ ಗದ್ದದವರೆಗೆ ಒಂದೇ ಪಟ್ಟಿ, ಒಂದೇ ಕುಂಬಳಕಾಯಿ ಮುಖ, ಒಂದೇ ಹಸಿರು ಬಟ್ಟೆ. ಒಂದೇ ತಾಯಿ ಮಕ್ಕಳೆಂದರೆ ಯಾರೂ ಅನುಮಾನಿಸುವುದಿಲ್ಲ.

ಕಿಟಕಿ ಸಂದಿನಿಂದ ಗಾಳಿ ಬರುತ್ತದೆಂದು ಬೆಳಿಗ್ಗೆ ಬರೆದು ದೂರು ಕೊಟ್ಟೆ. ಬೊರಾಮ್‌ಗೆ ಸೆಕೆ. ಹಾಸಿಗೆ ಅದಲುಬದಲು ಮಾಡಿಕೊಂಡೆವು. ಬಾಗಿಲ ಹೊರಗಿನ ಹೆಸರುಪಟ್ಟಿ ಆಮೇಲೆ ಬದಲಿಸುತ್ತೇವೆ ಅಂದರು. ಅದನ್ನೂ ಬರೆದಿಟ್ಟುಕೊಂಡಿದ್ದೆ, ಸಂಜೆ ನೆನಪಿಸಲು.

ಊತ ಇಳಿಯಲು ನಡೆಯಬೇಕು. ಮಧ್ಯಾಹ್ನ ಸಲೈನ್ ಕಂಬ ತಳ್ಳಿಕೊಂಡು ಕಾರಿಡಾರಿನಲ್ಲಿ ಹೋಗುತ್ತಿದ್ದೆ. ಎದುರಿಗೆ ಅಪ್ಪ ಬಂದರು. ಮದುವೆಗೆ ಹಾಕುವ ಕೋಟು, ಕಿವಿಯ ಹಿಂದೆ ಹಿಟ್ಟು, ಕೈಯಲ್ಲಿ ಥರ್ಮಸ್. ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ ಅಂಗಡಿಗೆ ಬೀಗ ಹಾಕಿ ಬಂದಿರಬೇಕು. ನಾನು ನಿಂತೆ. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

"ಹೋಗಿ, ಹೋಗಿ. ನಿಧಾನಕ್ಕೆ ಹೋಗಿ," ಅಂದರು.

ಅಪ್ಪ ನನಗೆ ಮರ್ಯಾದೆ ಕೊಟ್ಟು ಮಾತಾಡಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಮಾತು ಬಿಟ್ಟ ಮೇಲೆ ಆಡಿದ ಮೊದಲ ಮಾತೂ ಇದೇ. ಕರೆಯಲು ಹೋದೆ, ಮೂಗಿನಿಂದ ಒಂದು ಗೊರಕೆಯಂಥದ್ದು ಬಂತು. ಅಪ್ಪ ಪಾಪ ಎನ್ನುವಂತೆ ತಲೆ ಬಾಗಿಸಿ ಮುಂದೆ ಹೋದರು. ಬೇಕೆಂದೇ ಹೀಗೆ ಮಾಡಿದರು ಎಂದುಕೊಂಡೆ. ಸಿಟ್ಟಿಗೆ ಕಂಬ ತಳ್ಳಿಕೊಂಡು ಆ ತುದಿಯ ಕಿಟಕಿಯವರೆಗೂ ಹೋಗಿ, ಅಲ್ಲಿ ನಿಂತು ಪಾರ್ಕಿಂಗ್ ನೋಡಿದೆ. ಒಬ್ಬರೂ ಗೆರೆಯೊಳಗೆ ಗಾಡಿ ನಿಲ್ಲಿಸಿರಲಿಲ್ಲ.

ವಾಪಸು ಬಂದಾಗ ಅಪ್ಪ ಹೋಗಿಯಾಗಿತ್ತು. ಥರ್ಮಸ್ ಬೊರಾಮ್‌ಳ ಮೇಜಿನ ಮೇಲಿತ್ತು. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ನನ್ನನ್ನು ನೋಡಿ ಎದ್ದು ಹಲಗೆ ತೆಗೆದುಕೊಂಡಳು.

ನಿಮ್ಮ ಅಪ್ಪ ನನ್ನನ್ನು ನೀವು ಅಂದುಕೊಂಡರು ಎಂದು ಬರೆದಳು. ಹೆಸರುಪಟ್ಟಿಯಲ್ಲಿ ಕಿಟಕಿ ಪಕ್ಕ ಮಿರಾನ್ ಎಂದೇ ಇತ್ತಂತೆ. ಅಲ್ಲ ಎನ್ನಲು ಬಾಯಿಲ್ಲ. ಹಲಗೆ ಕೈಗೆಟುಕಲಿಲ್ಲ, ಅಷ್ಟರಲ್ಲಿ ಅವರು ಮಾತು ಶುರುಮಾಡಿದ್ದರು. ಸುಮಾರು ಹೊತ್ತು ಮಾತಾಡಿದರು. ನಾನು ತಲೆ ಆಡಿಸಿದೆ ಎಂದು ಬರೆದಳು. ಅವರಿಗೆ ಅದೇ ಬೇಕಿತ್ತು ಅನ್ನಿಸಿತಂತೆ.

ಏನು ಮಾತು ಎಂದು ಬರೆದೆ.

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಸಾರನ್ನು ಬಟ್ಟೆಯಲ್ಲಿ ಸೋಸಿ ಸೋಸಿ ತಂದಿದ್ದೇನೆ, ಚೂರೂ ಸಿಗುವುದಿಲ್ಲ ಅಂದರು. ಇಂಥ ಮುಖ ಕೊಟ್ಟಿದ್ದಕ್ಕೆ ಕ್ಷಮಿಸು ಮಗಳೇ ಅಂದರು. ನೀನು ಹುಟ್ಟಿದಾಗ ನಿನ್ನ ಗದ್ದ ನೋಡಿ ಖುಷಿಪಟ್ಟಿದ್ದೆ, ಅದು ನನ್ನ ಸ್ವಾರ್ಥ ಅಂದರು. ಕೊನೆಗೆ, ಬಾಯಿ ಗುಣವಾದ ಮೇಲೆ ಇನ್ನು ಕತ್ತರಿಸುವುದಿಲ್ಲ ಅಂದರು. ಏನನ್ನು ಅಂತ ಗೊತ್ತಾಗಲಿಲ್ಲ.

ನನಗೂ ಗೊತ್ತಾಗಲಿಲ್ಲ.

ಬೊರಾಮ್ ಥರ್ಮಸ್ ಕೈಗಿಟ್ಟಳು. ಅರ್ಧ ಖಾಲಿಯಾಗಿತ್ತು. ಅವರೇ ಕುಡಿಸಿದರು, ನಿಲ್ಲಿಸಲಾಗಲಿಲ್ಲ, ತುಂಬ ಚೆನ್ನಾಗಿತ್ತು, ಕ್ಷಮಿಸಿ ಎಂದು ಬರೆದಳು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾರ್ಸೆಲ್ ತಪ್ಪು ಮನೆಗೆ ಹೋದರೆ, ತೆಗೆದುಕೊಂಡವರು ಆ ದಿನವೇ ಕಚೇರಿಗೆ ತಂದು ಕೊಡಬೇಕು, ಕಚೇರಿ ಕಳಿಸಿದವರಿಗೂ ತಿಳಿಸಬೇಕು. ನಿಯಮ ಸ್ಪಷ್ಟವಾಗಿದೆ. ಬಾಯಿ ಬಿಚ್ಚಿದ ದಿನ ಅಪ್ಪನಿಗೆ ಹೇಳುತ್ತೇನೆ. ನೀವು ಕ್ಷಮೆ ಕೇಳಿದ್ದು ಬೇರೆಯವರ ಮಗಳ ಹತ್ತಿರ, ತಲೆ ಆಡಿಸಿದ್ದು ನಾನಲ್ಲ, ನನ್ನನ್ನು ನೀವು ಕಾರಿಡಾರಿನಲ್ಲಿ ದಾಟಿ ಹೋದಿರಿ. ಮೂರು ವಾಕ್ಯ ಸಾಕು.

ಉಳಿದ ಸಾರು ಕುಡಿದೆ. ಊದಿದ ಮುಖದಲ್ಲಿ ಅಳುವುದು ಕಷ್ಟ. ಪಟ್ಟಿ ಒದ್ದೆಯಾಗುತ್ತದೆ.

ಮಾರ್ಚ್ 14, ಬುಧವಾರ

ಮನೆಗೆ ಬಂದೆ. ಕಾರಿನಿಂದ ಇಳಿಯುತ್ತಿದ್ದಂತೆ ಅಪ್ಪ ಹೊರಗೆ ಬಂದು, "ಬಂದ್ಯಾ," ಅಂದರು. ನನಗೇ ಅಂದರು. ಅಭ್ಯಾಸಬಲದಿಂದ ಅಮ್ಮ ನನ್ನ ಕಡೆ ತಿರುಗಿ "ಬಂದ್ಯಾ" ಅಂದಳು.

ಅಪ್ಪನ ಮಟ್ಟಿಗೆ ಎಲ್ಲ ಇತ್ಯರ್ಥವಾಗಿದೆ. ಅವರು ಹೇಳಬೇಕಾದ್ದು ಹೇಳಿದ್ದಾರೆ, ಮಗಳು ತಲೆ ಆಡಿಸಿದ್ದಾಳೆ. ದಿನಕ್ಕೆ ನಾಲ್ಕಾರು ಸಲ ಮೆಟ್ಟಿಲು ಹತ್ತಿ ಬಂದು ಬಾಟಲಿ ಕೊಡುತ್ತಾರೆ. ಕೆಂಪು ಮುಚ್ಚಳದ್ದು ಒಣಮೀನಿನ ಸಾರು, ನೀಲಿಯದ್ದು ಕುಂಬಳಕಾಯಿ ರಸ, ಹಳದಿಯದ್ದು ಆಲೂಗಡ್ಡೆ ಅರೆದು ಸೋಸಿದ್ದು. "ಕುಡಿ," ಎನ್ನುತ್ತಾರೆ. ಕುಡಿಯುವ ತನಕ ನಿಂತಿರುತ್ತಾರೆ. ಮುಖವನ್ನು ನೇರವಾಗಿ ನೋಡುವುದಿಲ್ಲ, ಓರೆಯಲ್ಲಿ ನೋಡುತ್ತಾರೆ.

ಹಲಗೆಯಲ್ಲಿ ಬರೆದು ತೋರಿಸಿಬಿಡಬಹುದಿತ್ತು. ಆದರೆ ಅಪ್ಪನ ಓದುವ ಕನ್ನಡಕ ಸದಾ ಹಿಟ್ಟಿನ ಮಣೆಯ ಮೇಲಿರುತ್ತದೆ.

ಮಾರ್ಚ್ 26, ಸೋಮವಾರ

ಮೇಲೆ ಒಬ್ಬಳೇ ಕೂತು ಬೇಸರವಾಗಿ, ಮಾಸ್ಕ್ ಹಾಕಿಕೊಂಡು ಕೆಳಗಿಳಿದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರತೊಡಗಿದ್ದೇನೆ. ಬಾಯಿ ಕಟ್ಟಿದವಳ ಮುಂದೆ ಜನ ಏನು ಬೇಕಾದರೂ ಹೇಳುತ್ತಾರೆ. ತರಕಾರಿ ತರುವವನು ಹೆಂಡತಿ ತವರಿಗೆ ಹೋದದ್ದು ಹೇಳಿದ. ದೋಗ್ಯುನ್ ಬಂದು ಕೆಲಸ ಬಿಡುವ ಯೋಚನೆ ಹೇಳಿ, "ಅಕ್ಕ, ನೀನು ಇಷ್ಟು ಚೆನ್ನಾಗಿ ಕೇಳಿಸ್ಕೋತೀಯ ಅಂತ ಗೊತ್ತೇ ಇರ್ಲಿಲ್ಲ," ಅಂದ. ನನಗೆ ಬೇರೆ ದಾರಿಯಿರಲಿಲ್ಲ. ಎಲ್ಲರೂ ಇತ್ತೀಚೆಗೆ ಸ್ವಲ್ಪ ಸುಧಾರಿಸಿದ್ದಾರೆ ಎನ್ನಬಹುದು.

ಅಪ್ಪ ಕೆಲಸ ಮಾಡುವುದನ್ನು ಇಷ್ಟು ಹತ್ತಿರದಿಂದ ಈವರೆಗೆ ನೋಡಿರಲಿಲ್ಲ. ಹಿಟ್ಟನ್ನು ಚಾಪೆಯಷ್ಟು ಅಗಲ ಲಟ್ಟಿಸಿ, ಹಿಟ್ಟು ಉದುರಿಸಿ ಮಡಚಿ, ಕಣ್ಣು ಬೇರೆಲ್ಲೋ ಇಟ್ಟು ಕತ್ತರಿಸುತ್ತಾರೆ. ಎಲ್ಲ ಎಳೆಯೂ ಒಂದೇ ಉದ್ದ. ಅಂಚಿನಲ್ಲಿ ಉಳಿದ ಚೂರುಗಳನ್ನು ಒಟ್ಟು ಮಾಡಿ, ನೀರು ಚಿಮುಕಿಸಿ, ಮುಂದಿನ ಹಿಟ್ಟಿಗೆ ಸೇರಿಸಿ ನಾದಿಬಿಟ್ಟರು. ಪ್ರತಿ ಸಲವೂ ಹಾಗೆಯೇ. ಅಂದರೆ ಅಂಚಿನ ಚೂರು ಎಂಬುದು ಈ ಅಂಗಡಿಯಲ್ಲಿ ಉಳಿಯುವುದೇ ಇಲ್ಲ.

ಹಾಗಾದರೆ ನಾನು ಇಷ್ಟು ವರ್ಷ ತಿಂದದ್ದು ಏನು?

ಎಳೆ ಕುದಿಯುವ ಪಾತ್ರೆಯ ಪಕ್ಕ ಮೊಳೆಗೆ ಒಂದು ಕತ್ತರಿ ನೇತುಹಾಕಿದೆ. ಹಿಡಿಯ ಕಪ್ಪು ಬಣ್ಣ ಸವೆದು ಲೋಹ ಕಾಣುತ್ತಿದೆ. ಮಾಂಸ ಕತ್ತರಿಸುವುದಕ್ಕೆ ಅನ್ನೋಣವೆಂದರೆ ನಾವು ಮಾಂಸ ಮಾಡುವುದಿಲ್ಲ. ನಾನು ಅಲ್ಲಿ ಕೂತ ಇಷ್ಟು ದಿನದಲ್ಲಿ ಅಪ್ಪ ಅದನ್ನು ಒಮ್ಮೆಯೂ ಮುಟ್ಟಲಿಲ್ಲ.

ಏಪ್ರಿಲ್ 6, ಶುಕ್ರವಾರ

ರಬ್ಬರ್ ತೆಗೆದರು. ಬಾಯಿ ಒಂದು ಬೆರಳಿನಷ್ಟು ತೆರೆಯುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ತುರುಕಿ ಅಭ್ಯಾಸ ಮಾಡಬೇಕು. ಗದ್ದ, ಕೆಳತುಟಿ ನನ್ನವಲ್ಲ. ಮುಟ್ಟಿದರೆ ಬೇರೆ ಯಾರದೋ ಮುಖ ಮುಟ್ಟಿದ ಹಾಗಿದೆ. ಕನ್ನಡಿಯಲ್ಲಿ ಇರುವವಳು ಅಮ್ಮನ ಕಡೆಯವಳು.

ಇವತ್ತು ಅಪ್ಪನಿಗೆ ಹೇಳಲು ಇಳಿದೆ. ಮೂರು ವಾಕ್ಯ ಮನಸ್ಸಿನಲ್ಲಿ ಸಿದ್ಧವಿತ್ತು. ಅಪ್ಪ ಇರಲಿಲ್ಲ, ಅಮ್ಮ ಮೂಲಂಗಿ ಹೆಚ್ಚುತ್ತಿದ್ದಳು. ಅಪ್ಪ ಆಸ್ಪತ್ರೆಯಲ್ಲಿ ಏನು ಮಾತಾಡಿದರೆಂದು ನಿನಗೆ ಗೊತ್ತಾ ಎಂದು ಕೇಳಿದೆ.

"ನಂಗೇನು ಹೇಳ್ತಾರೆ," ಅಂದಳು ಅಮ್ಮ. "ಅವತ್ತು ಬಂದು ಕೋಟೂ ತೆಗೀದೆ ಕೂತಿದ್ರು. 'ತಲೆ ಆಡಿಸಿದ್ಳು ಕಣೇ' ಅಂದ್ರು. ನೀನು ಮನೆಗೆ ಬರೋ ತನಕ ದಿನಾ ಅದೇ ಮಾತು. ನಿಂಗೆ ಆಪರೇಷನ್ ಡೇಟ್ ಸಿಕ್ಕ ದಿನದಿಂದ ಆ ಮನುಷ್ಯ ಸರಿಯಾಗಿ ಉಂಡಿರ್ಲಿಲ್ಲ. ಅವತ್ತು ಎರಡು ಬಟ್ಟಲು ಅನ್ನ ಉಂಡ್ರು."

ಅಪ್ಪ ಬಂದರು. ಏನು ಎಂದು ಕೇಳಿದರು. ಏನಿಲ್ಲ ಅಂದೆ. ಬಾಯಿ ಇನ್ನೂ ಒಂದೇ ಬೆರಳು ತೆರೆಯುತ್ತದೆ, ಇನ್ನೊಂದು ದಿನ ಹೇಳಿದರಾಯಿತು.

ಏಪ್ರಿಲ್ 23, ಸೋಮವಾರ

ಕೆಲಸಕ್ಕೆ ಹೋದೆ. ಪೈಪು ತೊಳೆಯುವ ಬಗ್ಗೆ ಪ್ರಕಟಣೆ ಕೊಟ್ಟೆ. ಒಂದು ಅಕ್ಷರದಲ್ಲೂ ಗಾಳಿ ಸೋರಲಿಲ್ಲ. ಹತ್ತೇ ನಿಮಿಷಕ್ಕೆ ಒಬ್ಬ ಅಜ್ಜ ಫೋನ್ ಮಾಡಿ, ಮೊದಲಿನ ಹೆಂಗಸನ್ನು ಯಾಕೆ ತೆಗೆದಿರಿ, ಅವಳು ಹೇಳಿದರೆ ಭಯ ಇರುತ್ತಿತ್ತು, ಈ ಹುಡುಗಿ ಮಾತು ಯಾರು ಕೇಳುತ್ತಾರೆ ಎಂದು ಗದರಿದ. ಮೈದಾನದಲ್ಲಿ ಮಕ್ಕಳು ಸುಮ್ಮನೆ ಚೆಂಡಾಡುತ್ತಿದ್ದರು.

ಬೆಕ್ಕು ಸಿಕ್ಕಿದೆಯಂತೆ. ಹದಿನೇಳನೇ ಮಹಡಿಯವಳು ಎಲ್ಲರಿಗೂ ಧನ್ಯವಾದ ಎಂದು ಹೊಸ ಚೀಟಿ ಅಂಟಿಸಿದ್ದಾಳೆ. ಮೂರು ತಪ್ಪಿದೆ. ಕೆಂಪು ಪೆನ್ನು ಕೈಗೆ ಸಿಗಲಿಲ್ಲ.

ಬೊರಾಮ್ ಮೆಸೇಜ್ ಕಳಿಸಿದ್ದಾಳೆ. ಅವಳ ಊತ ಇಳಿದಿದೆ, ಪ್ರೀತಿ ಮುರಿದಿದೆ. ಅಪ್ಪನಿಗೆ ಹೇಳಿದಿರಾ ಎಂದು ಕೇಳಿದ್ದಾಳೆ. ಅಂಗಡಿಯಲ್ಲಿ ಈಗ ತುಂಬ ಗಿರಾಕಿಗಳು, ಹೊತ್ತು ಸಿಕ್ಕಿಲ್ಲ ಎಂದು ಉತ್ತರಿಸಿದೆ.

ಮೇ 8

ಡಾಕ್ಟರ್ ಮೆಂಗ್ ಇನ್ನು ಎಳೆ ತಿನ್ನಬಹುದು ಅಂದರು. ಮನೆಗೆ ಬಂದು ಹೇಳಿದೆ. ಅಪ್ಪ, "ಇರು. ಹುಟ್ಟುಹಬ್ಬ ಬರ್ಲಿ," ಅಂದರು. ಇವತ್ತೂ ಗಂಜಿಯೇ.

ಮೇ 19, ಶನಿವಾರ

ನನ್ನ ಹುಟ್ಟುಹಬ್ಬ. ಬೆಳಿಗ್ಗೆ ಪದ್ಧತಿಯಂತೆ ಅಮ್ಮನ ಕಡಲಪಾಚಿ ಸಾರು. ಮಧ್ಯಾಹ್ನ ಗಿರಾಕಿಗಳು ಹೋದ ಮೇಲೆ ಅಪ್ಪ ಬಾಗಿಲ ಬೋರ್ಡು ತಿರುಗಿಸಿ, ನನ್ನನ್ನು ಅಂಗಡಿಯ ನಟ್ಟನಡುವಿನ ಮೇಜಿಗೆ ಕೂರಿಸಿದರು. ಒಳಗೆ ಹೋಗಿ ಬಟ್ಟಲು ತಂದಿಟ್ಟು, ಅಡುಗೆಮನೆಯ ಬಾಗಿಲಿಗೆ ವಾಪಸು ಹೋಗಿ ನಿಂತರು. ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು.

ಚಾಪ್‌ಸ್ಟಿಕ್‌ನಲ್ಲಿ ಎತ್ತಿದೆ. ಎಳೆ ಬಂತು. ಇನ್ನೂ ಎತ್ತಿದೆ, ಇನ್ನೂ ಬಂತು. ಕೈ ತಲೆಯ ಮೇಲೆ ಹೋಯಿತು, ತುದಿ ಬಟ್ಟಲಲ್ಲೇ ಇತ್ತು.

ಮೊಳೆಯ ಮೇಲಿನ ಕತ್ತರಿ ನೆನಪಾಯಿತು.

ತುದಿಯನ್ನು ಬಾಯಿಗಿಟ್ಟುಕೊಂಡು ಮುಂದಿನ ಹಲ್ಲು ಕೂಡಿಸಿದೆ. ಎಳೆ ತುಂಡಾಗಿ ಉಳಿದದ್ದು ಸಾರಿಗೆ ಬಿತ್ತು. ಅಷ್ಟೇ. ಊರಿನವರೆಲ್ಲ ದಿನಾ ಮಾಡುವ ಕೆಲಸ. ಇನ್ನೊಂದು ಸಲ ಮಾಡಿದೆ. ಮತ್ತೊಂದು ಸಲ. ಅಮ್ಮ ಮೂಗು ಒರೆಸಿಕೊಂಡಳು.

ಅಪ್ಪ ತಮ್ಮ ಗದ್ದ ಮುಟ್ಟಿ ತೋರಿಸಿದರು. ನನ್ನ ಗದ್ದಕ್ಕೆ ಚೂರು ಅಂಟಿತ್ತು. ಅಲ್ಲಿ ಇನ್ನೂ ಸ್ಪರ್ಶ ಬಂದಿಲ್ಲ. ಒರೆಸಲು ಕೈ ಎತ್ತಿದೆ. ಕೈ ಹೋಗಿ ಗದ್ದ ಮೊದಲಿದ್ದ ಕಡೆ ನಿಂತಿತು, ಗಾಳಿಯಲ್ಲಿ. ಅಪ್ಪ ಬಂದು ಹೆಬ್ಬೆರಳಿನಿಂದ ಒರೆಸಿದರು. ಮೊದಲ ಸಲ ನನ್ನ ಹೊಸ ಮುಖವನ್ನು ನೇರ ನೋಡಿದರು.

"ಆಸ್ಪತ್ರೇಲಿ ಹೇಳಿದ್ನಲ್ಲ, ಇನ್ನು ಕತ್ತರ್ಸಲ್ಲ ಅಂತ," ಅಂದರು. "ಹಲ್ಲಲ್ಲಿ ಕಚ್ಚೋಕಾಗ್ದೆ ಎಲ್ರ ಮುಂದೆ ನೀನು ಕತ್ತರಿ ಕೇಳೋ ಹಾಗಾಗ್ಬಾರ್ದು ಅಂತ ಒಳಗೇ ತುಂಡು ಮಾಡಿ ಕಳಿಸ್ತಿದ್ದೆ. ಹುಟ್ಟುಹಬ್ಬದ ದಿನ ಮಾಡುವಾಗ ಕೈ ಬರ್ತಿರ್ಲಿಲ್ಲ."

ಅಪ್ಪ ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

"ಅವತ್ತು ನೀನು ತಲೆ ಆಡಿಸಿದ್ಯಲ್ಲ," ಅಂದರು. "ಅದು ಮನಸ್ಸಿಂದನಾ? ಇಲ್ಲ ಔಷಧಿ ಮಂಪರಾ?"

ಮೂರು ವಾಕ್ಯವೂ ನೆನಪಿತ್ತು. ಒಂದಕ್ಷರ ಮರೆತಿರಲಿಲ್ಲ.

"ಮನಸ್ಸಿಂದಾನೇ ಅಪ್ಪ," ಅಂದೆ.

ಅಪ್ಪ ಹೂಂ ಎಂದು ಒಳಗೆ ಹೋದರು. ಹೊರಗೆ ಬಂದಾಗ ಎಂದಿನ ಬಟ್ಟಲು, ಸಾರಿನಲ್ಲಿ ಅನ್ನ. ಮೂಲೆಯ ಮೇಜಿಗೆ ಹೋಗಿ ಗೋಡೆಗೆ ಮುಖಮಾಡಿ ಕೂತರು.

ನಾನು ಎದ್ದು ಅಡುಗೆಮನೆಗೆ ಹೋಗಿ ಬಟ್ಟಲಿಗೆ ಎಳೆ ಹಾಕಿದೆ, ಸಾರು ಬಿಟ್ಟೆ. ಕತ್ತರಿ ತೆಗೆದುಕೊಂಡೆ. ಬಟ್ಟಲೊಳಗೇ ಅಡ್ಡಕ್ಕೆ, ಉದ್ದಕ್ಕೆ, ಬೆರಳುದ್ದಕ್ಕೆ ಕತ್ತರಿಸಿದೆ. ನಾನು ತಿಂದು ಬೆಳೆದ ಅಳತೆ, ಕೈಗೆ ತಾನಾಗಿಯೇ ಬಂತು. ತಂದು ನಡುವಿನ ಮೇಜಿನ ಮೇಲೆ ನನ್ನ ಬಟ್ಟಲಿನ ಎದುರಿಗಿಟ್ಟು, ಚಮಚ ಹಾಕಿ, "ಅಪ್ಪ, ಇಲ್ಲಿ," ಅಂದೆ.

ಅಪ್ಪ ತಿರುಗಿ ನೋಡಿದರು. ಎದ್ದು ಬರಲು ಸ್ವಲ್ಪ ಹೊತ್ತಾಯಿತು. ಬಂದು ಎದುರಿಗೆ ಕೂತು, ಬಟ್ಟಲೊಳಗೆ ನೋಡಿ, ನನ್ನನ್ನು ನೋಡಿ, ಒಂದು ಚಮಚ ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು. ಆ ಗದ್ದ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಕೂತೆ. ಅಜ್ಜನದು, ಅಪ್ಪನದು, ಮಾರ್ಚಿನ ತನಕ ನನ್ನದೂ.

"ಎಳೆಗೆ ಉಪ್ಪು ಒಂಚೂರು ಕಮ್ಮಿ," ಅಂದರು.

ಇಷ್ಟು ವರ್ಷ ಯಾರೂ ಹೇಳಿಲ್ಲವಾ ಎಂದು ಅಮ್ಮನನ್ನು ಕೇಳಿದರು. ಎಲ್ಲರೂ ಹೇಳಿದ್ದಾರೆ, ನೀವು ನಂಬಿಲ್ಲ ಎಂದಳು ಅಮ್ಮ. ನಾನು ಉಪ್ಪಿನ ಡಬ್ಬಿ ಅವರ ಕಡೆ ಸರಿಸಿದೆ. ಗೋಡೆಯ ಕಡೆ ತಿರುಗದೆ, ಬಟ್ಟಲು ಪೂರ್ತಿ ಖಾಲಿ ಮಾಡಿದರು.